ಫ್ಲೈಟ್‌ನಲ್ಲಿ ಟಾರ್ಚ್, ಸೆಲ್ಲು, ಪವರ್ ಬ್ಯಾಂಕ್: ಯಾವುದು ಕೈಬ್ಯಾಗಿಗೆ, ಯಾವುದು ಲಗೇಜಿಗೆ? ಹೊರಡೋ ಮುಂಚೆ ಇದನ್ನ ಓದಿ

ಶಿವಮೊಗ್ಗ: ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಗಿದ್ದು 2023ರ ಫೆಬ್ರವರಿ 27ರಂದು. ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿದಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಆಮೇಲೆ ಜೀವನದಲ್ಲಿ ಮೊದಲ ಸಲ ಫ್ಲೈಟ್ ಹತ್ತಿದವರು ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಶಿ, ಕೇದಾರನಾಥ, ಅಮರನಾಥ ಯಾತ್ರೆಗೆ ಹೋಗೋರು, ಉಮ್ರಾಕ್ಕೆ ಹೋಗೋರು, ದುಬೈಯಲ್ಲಿರೋ ಮಗನ ಮನೆಗೆ ಹೊರಟ ಅಪ್ಪ ಅಮ್ಮ, ಹಿಮಾಲಯಕ್ಕೆ ಟ್ರೆಕಿಂಗ್ ಹೋಗೋ ಹುಡುಗರು. ಇವರೆಲ್ಲರ ಬ್ಯಾಗಲ್ಲೂ ಇರೋ ಒಂದು ಸಾಮಾನು ಟಾರ್ಚು. ಚೆಕ್ಕಿಂಗ್ ಹೊತ್ತಲ್ಲಿ ಜಾಸ್ತಿ ತಲೆನೋವು ಕೊಡೋದೂ ಇದೇ ಟಾರ್ಚು ಮತ್ತು ಅದರೊಳಗಿನ ಸೆಲ್ಲು.

ಟಾರ್ಚ್ ತಗೊಂಡು ಹೋಗೋಕೆ ಯಾವ ನಿಷೇಧವೂ ಇಲ್ಲ. ಆದ್ರೆ ಒಳಗೆ ಯಾವ ಸೆಲ್ ಇದೆ ಅನ್ನೋದರ ಮೇಲೆ ಅದು ಕೈಬ್ಯಾಗಿಗೋ, ಚೆಕ್-ಇನ್ ಲಗೇಜಿಗೋ ಅಂತ ತೀರ್ಮಾನ ಆಗುತ್ತೆ. ತಪ್ಪು ಬ್ಯಾಗಿಗೆ ಹಾಕಿದ್ರೆ ಸಾಮಾನು ಹೋಗುತ್ತೆ. ಕೆಲವೊಮ್ಮೆ ಫ್ಲೈಟೇ ತಪ್ಪುತ್ತೆ.

ಬ್ಯಾಟರಿ ಅಂದ್ರೆ ಯಾವ ಬ್ಯಾಟರಿ?

ಮೊದಲ ಗೊಂದಲ ಶುರುವಾಗೋದು ಮಾತಿನಲ್ಲೇ. ನಮ್ಮ ಕಡೆ ಹಳ್ಳಿಗಳಲ್ಲಿ ಟಾರ್ಚಿಗೇ ಬ್ಯಾಟರಿ ಅಂತಾರೆ. "ಕತ್ಲಾಯ್ತು, ಬ್ಯಾಟರಿ ತಗೊಂಡು ಹೋಗು" ಅಂದ್ರೆ ಟಾರ್ಚ್ ಅಂತಲೇ ಅರ್ಥ. ಒಳಗೆ ಹಾಕೋದು ಸೆಲ್ಲು, ಕೆಲವರ ಬಾಯಲ್ಲಿ ಶೆಲ್ಲು. ಎರಡು ಶೆಲ್ ಬ್ಯಾಟರಿ, ಮೂರು ಶೆಲ್ ಬ್ಯಾಟರಿ ಅಂತಲೇ ಅಂಗಡಿಯಲ್ಲೂ ಕೇಳೋದು.

ಏರ್‌ಲೈನ್ ಕೌಂಟರ್‌ನಲ್ಲಿ ಕೂತ ಹುಡುಗಿ "ಲಗೇಜಲ್ಲಿ ಬ್ಯಾಟರಿ ಏನಾದ್ರೂ ಇದ್ಯಾ?" ಅಂತ ಕೇಳೋದು ಈ ಬ್ಯಾಟರಿ ಬಗ್ಗೆ ಅಲ್ಲ. ಅವಳು ಕೇಳ್ತಿರೋದು ಬಿಡಿ ಸೆಲ್ಲು, ಪವರ್ ಬ್ಯಾಂಕ್, ಲಿಥಿಯಂ ಬ್ಯಾಟರಿಗಳ ಬಗ್ಗೆ. "ಬ್ಯಾಟರಿ ಕೈಚೀಲದಲ್ಲೇ ಇದೆ" ಅಂತ ಟಾರ್ಚ್ ನೆನೆಸಿಕೊಂಡು ಹೇಳಿದವರ ಸೂಟ್‌ಕೇಸಿನ ತಳದಲ್ಲಿ ಪವರ್ ಬ್ಯಾಂಕ್ ಇದ್ದರೆ, ಅದು ಎಕ್ಸ್‌ರೇ ಮಷಿನ್‌ನಲ್ಲಿ ಸಿಕ್ಕಿಬೀಳುತ್ತೆ. ಆಗ ಹೆಸರು ಕೂಗಿ ಕರೀತಾರೆ, ಬ್ಯಾಗ್ ಬಿಚ್ಚಿಸ್ತಾರೆ. ಬೆಂಗಳೂರಿನಂಥ ದೊಡ್ಡ ಏರ್‌ಪೋರ್ಟಲ್ಲಿ ಗೇಟಿನ ಹತ್ತಿರ ಹೋಗಿ ಕೂತ ಮೇಲೆ ಇಂಥ ಕರೆ ಬಂದ್ರೆ ಓಡಾಟವೇ ಆಗುತ್ತೆ. ಹಾಗಾಗಿ ವಯಸ್ಸಾದವರನ್ನ ಒಬ್ಬರನ್ನೇ ಕಳಿಸೋ ಮನೆಯವರು ಬ್ಯಾಗ್ ತುಂಬುವಾಗಲೇ ಇದನ್ನ ನೋಡ್ಕೊಳ್ಳೋದು ಒಳ್ಳೇದು.

ಮಾಮೂಲಿ ಸೆಲ್ಲು ಒಂದು ಕಡೆ, ಲಿಥಿಯಂ ಇನ್ನೊಂದು ಕಡೆ

ಅಂಗಡಿಯಲ್ಲಿ ಸಿಗೋ ಎವರೆಡಿ, ನಿಪ್ಪೋ ತರದ 1.5 ವೋಲ್ಟ್ ಸೆಲ್ಲುಗಳು ಡ್ರೈ ಸೆಲ್. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಇವು ಅಷ್ಟೇನೂ ಅಪಾಯದ ಸಾಮಾನಲ್ಲ. ತುದಿ ಒಂದಕ್ಕೊಂದು ತಾಗದ ಹಾಗೆ ಇಟ್ಟರೆ ಎರಡೂ ಬ್ಯಾಗಲ್ಲಿ ಒಯ್ಯಬಹುದು. ಆದ್ರೆ ನಮ್ಮ ದೇಶದ ಕಥೆ ಸ್ವಲ್ಪ ಬೇರೆ. ಇಲ್ಲಿನ ಏರ್‌ಲೈನ್‌ಗಳ ಕೈಬ್ಯಾಗ್ ನಿಷೇಧದ ಪಟ್ಟಿಯಲ್ಲಿ ಚಾಕು, ಕತ್ತರಿ ಜೊತೆಗೆ ಡ್ರೈ ಸೆಲ್ ಹೆಸರೂ ಹಿಂದಿನಿಂದ ಬಂದಿದೆ. ಭದ್ರತಾ ಸಿಬ್ಬಂದಿ ಬಿಡಿ ಸೆಲ್ ಕಂಡ್ರೆ ತೆಗೆಸೋದು, ಟಾರ್ಚಿನೊಳಗಿರೋದನ್ನೂ ತೆಗೆಸೋದು ಉಂಟು. ಅವರ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ, ಕೊನೇ ಮಾತು ಅವರದ್ದೇ. ಆದ್ದರಿಂದ ಮಾಮೂಲಿ ಸೆಲ್ಲಿನ ಟಾರ್ಚ್ ಇದ್ರೆ ಸೆಲ್ ಬಿಚ್ಚಿ, ಎರಡನ್ನೂ ಚೆಕ್-ಇನ್ ಲಗೇಜಿಗೆ ಹಾಕೋದು ಸುಲಭ.

ಲಿಥಿಯಂ ವಿಷಯದಲ್ಲಿ ಇದು ಪೂರ್ತಿ ಉಲ್ಟಾ. ಬಿಡಿ ಲಿಥಿಯಂ ಸೆಲ್, ಪವರ್ ಬ್ಯಾಂಕ್ ಯಾವ ಕಾರಣಕ್ಕೂ ಚೆಕ್-ಇನ್ ಲಗೇಜಿಗೆ ಹೋಗಬಾರದು. ಕೈಬ್ಯಾಗಲ್ಲೇ ಇರಬೇಕು. ಇದು ಪ್ರಪಂಚದ ಎಲ್ಲ ಏರ್‌ಲೈನ್‌ಗಳಲ್ಲೂ ಒಂದೇ.

ಯಾವುದು ಯಾವುದು ಅಂತ ಗುರುತಿಸೋದು ಕಷ್ಟ ಇಲ್ಲ. ಸೆಲ್ ಮೇಲೆ ಬರೆದಿರೋ ವೋಲ್ಟ್ ನೋಡಿ. 1.5 ಇದ್ರೆ ಸಾಮಾನ್ಯವಾಗಿ ಮಾಮೂಲಿ ಸೆಲ್, 1.2 ಇದ್ರೆ ರೀಚಾರ್ಜ್ ಮಾಡೋ ನಿಕಲ್ ಸೆಲ್, 3.6 ಅಥವಾ 3.7 ಇದ್ರೆ ಲಿಥಿಯಂ ಅಯಾನ್. ಒಂದು ಎಚ್ಚರಿಕೆ: ಈಗ ಸೆಲ್ಲಿಗೇ ಯುಎಸ್‌ಬಿ ವೈರ್ ಚುಚ್ಚಿ ಚಾರ್ಜ್ ಮಾಡೋ 1.5 ವೋಲ್ಟ್ ಪೆನ್ ಸೆಲ್ ಬಂದಿವೆ. ನೋಡೋಕೆ ಮಾಮೂಲಿ ಸೆಲ್ ತರಾನೇ ಇದ್ರೂ ಒಳಗಿರೋದು ಲಿಥಿಯಂ.

ಮೊಬೈಲ್ ಚಾರ್ಜರ್ ಪಿನ್‌ನಲ್ಲಿ ಚಾರ್ಜ್ ಆಗೋ ಟಾರ್ಚ್, ಅಡಿಕೆ ತೋಟದಲ್ಲಿ ನೀರು ಬಿಡೋಕೆ ಹೋಗುವಾಗ ತಲೆಗೆ ಕಟ್ಟೋ ಹೆಡ್‌ಲೈಟ್, ಇವುಗಳಲ್ಲಿ ಇರೋದು ಹೆಚ್ಚಾಗಿ 18650 ಅನ್ನೋ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಅಂತ ಆ ಹೆಸರು. ಅದಕ್ಕಿಂತ ಸ್ವಲ್ಪ ದಪ್ಪನೆಯದು 21700. ಇಂಥ ಟಾರ್ಚನ್ನ ಸೆಲ್ ಸಮೇತ ಕೈಬ್ಯಾಗಲ್ಲಿ ಇಟ್ಟುಕೊಳ್ಳೋದೇ ಸರಿ. ಉಪಕರಣದ ಒಳಗೇ ಕೂತಿರೋ ಲಿಥಿಯಂ ಬ್ಯಾಟರಿಯನ್ನ ಚೆಕ್-ಇನ್‌ಗೆ ಹಾಕೋಕೆ ನಿಯಮ ಬಿಡುತ್ತಾದ್ರೂ ಷರತ್ತು ಇದೆ. ಪೂರ್ತಿ ಆಫ್ ಆಗಿರಬೇಕು, ತಾನಾಗೇ ಆನ್ ಆಗೋ ಹಾಗಿರಬಾರದು, ಒತ್ತಡಕ್ಕೆ ಒಡೆಯೋ ಹಾಗೂ ಇರಬಾರದು.

ಇನ್ನೊಂದು ಜಾತಿ ಇದೆ. ಗೋಡೆಯ ಪ್ಲಗ್ಗಿಗೇ ನೇರವಾಗಿ ಸಿಕ್ಕಿಸೋ, ಎತ್ತಿದ್ರೆ ಭಾರ ಅನ್ನಿಸೋ ಹಳೇ ಚಾರ್ಜಿಂಗ್ ಟಾರ್ಚು, ಎಮರ್ಜೆನ್ಸಿ ಲೈಟು. ಇವುಗಳಲ್ಲಿ ತುಂಬಾವುಕ್ಕೆ 4 ಅಥವಾ 6 ವೋಲ್ಟಿನ ಸೀಸದ ಬ್ಯಾಟರಿ ಇರುತ್ತೆ. ಸೀಲ್ ಆಗಿ, ಸೋರದಂತಿದ್ದು, 12 ವೋಲ್ಟ್ ಮತ್ತು 100 ವ್ಯಾಟ್ ಅವರ್ ದಾಟದಿದ್ದರೆ ನಿಯಮದಲ್ಲಿ ಅವಕಾಶ ಉಂಟು. ಆದ್ರೆ ಮೈಮೇಲೆ ಏನೂ ಬರೆದಿಲ್ಲದ ಆ ಡಬ್ಬಿಯೊಳಗೆ ಏನಿದೆ ಅಂತ ಏರ್‌ಪೋರ್ಟಲ್ಲಿ ಸಾಬೀತು ಮಾಡೋದು ಯಾರು? ಮನೇಲೇ ಬಿಟ್ಟು ಹೋಗಿ.

100 ವ್ಯಾಟ್ ಅವರ್ ಲೆಕ್ಕ

ಲಿಥಿಯಂ ಬ್ಯಾಟರಿಗೆ ಮಿತಿ ಇರೋದು ವ್ಯಾಟ್ ಅವರ್ ಲೆಕ್ಕದಲ್ಲಿ. 100ರವರೆಗೆ ಯಾರ ಅನುಮತಿಯೂ ಬೇಡ. 100ರಿಂದ 160ರವರೆಗಿನದ್ದಕ್ಕೆ ಏರ್‌ಲೈನ್‌ನಿಂದ ಮೊದಲೇ ಒಪ್ಪಿಗೆ ತಗೋಬೇಕು, ಬಿಡಿಯಾಗಿ ಎರಡಕ್ಕಿಂತ ಹೆಚ್ಚು ಒಯ್ಯೋ ಹಾಗಿಲ್ಲ. 160 ದಾಟಿದ್ರೆ ಪ್ರಯಾಣಿಕರ ಯಾವ ಬ್ಯಾಗಲ್ಲೂ ಜಾಗ ಇಲ್ಲ.

ಸೆಲ್ ಮೇಲೆ ವ್ಯಾಟ್ ಅವರ್ ಬರೆದಿಲ್ಲದಿದ್ರೆ ಲೆಕ್ಕ ಹಾಕೋದು ಹೀಗೆ: ಎಂಎಎಚ್ ಅಂತ ಇರೋ ಸಂಖ್ಯೆಯನ್ನ 1000ದಿಂದ ಭಾಗಿಸಿ, ಬಂದಿದ್ದನ್ನ ವೋಲ್ಟ್‌ನಿಂದ ಗುಣಿಸಿ. 2600 ಎಂಎಎಚ್‌ನ 18650 ಸೆಲ್ ಅಂದ್ರೆ 2.6 ಗುಣಿಸು 3.7, ಅಂದ್ರೆ 9.62 ವ್ಯಾಟ್ ಅವರ್. 5000 ಎಂಎಎಚ್‌ನ 21700 ಸೆಲ್ 18 ವ್ಯಾಟ್ ಅವರ್. ಟಾರ್ಚ್ ಸೆಲ್ಲುಗಳು ಮಿತಿಯ ಹತ್ತಿರಕ್ಕೂ ಬರಲ್ಲ. ಪವರ್ ಬ್ಯಾಂಕ್‌ಗೆ ಬಂದ್ರೆ 10,000 ಎಂಎಎಚ್‌ನದ್ದು 37, 20,000ದ್ದು 74. 27,000ಕ್ಕೆ ಬರೋಷ್ಟರಲ್ಲಿ 99.9, ಅಲ್ಲಿಗೆ ಗಡಿ ಬಂತು. 30,000 ಎಂಎಎಚ್ ಅಂತ ಆನ್‌ಲೈನಲ್ಲಿ ತರಿಸಿದ್ರೆ ಅದು 111 ವ್ಯಾಟ್ ಅವರ್. ಒಪ್ಪಿಗೆ ಇಲ್ಲದೆ ತಗೊಂಡು ಹೋದ್ರೆ ಅಲ್ಲೇ ಬಿಟ್ಟು ಹೋಗಬೇಕಾಗುತ್ತೆ.

ವೋಲ್ಟ್ ಅಂತ ಹಾಕಬೇಕಾದ್ದು ಒಳಗಿನ ಸೆಲ್ಲಿನ 3.7, ಹೊರಗೆ ಬರೋ 5 ವೋಲ್ಟ್ ಅಲ್ಲ. ಇದನ್ನ ತುಂಬಾ ಜನ ತಪ್ಪು ಲೆಕ್ಕ ಹಾಕ್ತಾರೆ.

ಅಗ್ಗದ ಸೆಲ್ಲುಗಳ ಬಗ್ಗೆ ಒಂದು ಮಾತು. 9900 ಎಂಎಎಚ್ ಅಂತ ದೊಡ್ಡದಾಗಿ ಪ್ರಿಂಟ್ ಹಾಕಿದ 18650 ಸೆಲ್ ಸಂತೆಯಲ್ಲೂ ಸಿಗುತ್ತೆ, ಆನ್‌ಲೈನಲ್ಲೂ ಸಿಗುತ್ತೆ. ಆ ಅಳತೆಯ ಒಳ್ಳೆ ಕಂಪನಿ ಸೆಲ್ಲೇ 3500 ಆಸುಪಾಸಿನಲ್ಲಿ ನಿಲ್ಲುತ್ತೆ, 9900 ಅನ್ನೋದು ಶುದ್ಧ ಸುಳ್ಳು. ಮಿತಿ ಲೆಕ್ಕದಲ್ಲಿ ಅದೂ ಪಾಸಾಗಬಹುದು. ಆದ್ರೆ ಬೆಂಕಿ ಭಯ ಇರೋದೇ ಇಂಥ ನಂಬಿಕೆ ಇಲ್ಲದ ಮಾಲಿನಿಂದ. ಮೈ ಉಬ್ಬಿದ, ಪ್ಲಾಸ್ಟಿಕ್ ಸುಲಿದ, ಲೇಬಲ್ ಅಳಿಸಿಹೋದ ಸೆಲ್ಲನ್ನ ಫ್ಲೈಟಿಗೆ ತರಲೇಬೇಡಿ. ಚೀನಾದಲ್ಲಂತೂ 2025ರ ಜೂನ್ 28ರಿಂದ ಅಲ್ಲಿನ ಸುರಕ್ಷತಾ ಗುರುತು ಇಲ್ಲದ ಪವರ್ ಬ್ಯಾಂಕ್ ದೇಶದೊಳಗಿನ ವಿಮಾನಗಳಿಗೆ ಬಂದ್ ಆಗಿದೆ.

ಲಿಥಿಯಂ ಮೇಲೆ ಯಾಕಿಷ್ಟು ಕಣ್ಣು?

"ಮೇಲೆ ಜನ ಕೂತಿರ್ತಾರೆ, ಅಪಾಯದ ಸಾಮಾನನ್ನ ಕೆಳಗೆ ಹಾಕೋದು ಬಿಟ್ಟು ಜನರ ಮಧ್ಯೆ ಇಡಿ ಅಂತಾರಲ್ಲ" ಅಂತ ಅನ್ನಿಸೋದು ಸಹಜ. ಕಾರಣ ಇದೆ. ಲಿಥಿಯಂ ಸೆಲ್ ಒಳಗೆ ಶಾರ್ಟ್ ಆದ್ರೆ ತನ್ನ ಬಿಸಿಗೆ ತಾನೇ ಇನ್ನಷ್ಟು ಬಿಸಿಯಾಗ್ತಾ ಹೋಗುತ್ತೆ. ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲಿಗೆ ದಾಟುತ್ತೆ. ವಿಮಾನದ ಹೊಟ್ಟೆಯಲ್ಲಿ ಬೆಂಕಿ ಆರಿಸೋಕೆ ಇರೋದು ಹ್ಯಾಲನ್ ಅನ್ನೋ ಗ್ಯಾಸ್. ಅದು ಜ್ವಾಲೆಯನ್ನ ತಡೆಯುತ್ತೆ, ಸೆಲ್ಲಿನೊಳಗಿನ ಬಿಸಿಯನ್ನ ನಿಲ್ಲಿಸಲ್ಲ. ಕ್ಯಾಬಿನ್‌ನಲ್ಲಾದ್ರೆ ಹೊಗೆ ಬಂದ ಕೂಡಲೇ ಯಾರಾದ್ರೂ ನೋಡ್ತಾರೆ, ಸಿಬ್ಬಂದಿ ಬೆಂಕಿ ಆರಿಸಿ, ನೀರು ಸುರಿದು ತಣ್ಣಗೆ ಮಾಡ್ತಾರೆ. ಅದಕ್ಕೇ ಕಣ್ಣಿಗೆ ಕಾಣೋ ಜಾಗದಲ್ಲಿ ಇಡಿ ಅನ್ನೋದು.

2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಯುಪಿಎಸ್ ಕಂಪನಿಯ ಸರಕು ವಿಮಾನ, ಬೋಯಿಂಗ್ 747, ಸ್ವಲ್ಪ ಹೊತ್ತಿಗೇ ಬೆಂಕಿ ಬಿದ್ದು ದುಬೈಗೆ ವಾಪಸ್ ಬರುವಾಗ ಪತನವಾಯ್ತು. ಇಬ್ಬರು ಪೈಲಟ್‌ಗಳೂ ತೀರಿಕೊಂಡ್ರು. ಬೆಂಕಿ ಹುಟ್ಟಿದ ಸರಕಿನಲ್ಲಿ ಇದ್ದದ್ದು ಲಿಥಿಯಂ ಬ್ಯಾಟರಿಗಳು. 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನದಲ್ಲಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನ ಬರೀ ಸರಕಾಗಿ ಸಾಗಿಸೋದೇ ನಿಂತಿದೆ.

ಈಚಿನದು 2025ರ ಜನವರಿ 28ರ ಘಟನೆ. ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡೋಕೆ ನಿಂತಿದ್ದ ಏರ್ ಬುಸಾನ್ ವಿಮಾನದ ತಲೆಮೇಲಿನ ಲಗೇಜ್ ಪೆಟ್ಟಿಗೆಯಲ್ಲಿ ಬೆಂಕಿ ಕಾಣಿಸಿಕೊಳ್ತು. ಒಳಗಿದ್ದ 176 ಜನರೂ ಜಾರುಬಂಡೆಯಲ್ಲಿ ಇಳಿದು ಬದುಕಿದ್ರು, ವಿಮಾನ ಸುಟ್ಟುಹೋಯ್ತು. ಪವರ್ ಬ್ಯಾಂಕ್ ಕಾರಣ ಇರಬಹುದು ಅಂತ ತನಿಖೆಯವರು ಹೇಳಿದ್ರು. ಅದೇ ವರ್ಷ ಅಕ್ಟೋಬರ್ 19ರಂದು ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ಇಂಡಿಗೋ ವಿಮಾನ ಇನ್ನೂ ನೆಲದ ಮೇಲೆ ಚಲಿಸುತ್ತಿದ್ದಾಗ ಪ್ರಯಾಣಿಕರೊಬ್ಬರ ಪವರ್ ಬ್ಯಾಂಕ್‌ಗೆ ಬೆಂಕಿ ಹೊತ್ಕೊಂಡಿತ್ತು. ಸಿಬ್ಬಂದಿ ತಕ್ಷಣ ಆರಿಸಿದ್ರಿಂದ ಯಾರಿಗೂ ಏನೂ ಆಗಲಿಲ್ಲ. ಅದೇ ಲಗೇಜಿನ ಹೊಟ್ಟೆಯಲ್ಲಿ, ಆಕಾಶದಲ್ಲಿ ಆಗಿದ್ರೆ?

ಪವರ್ ಬ್ಯಾಂಕ್: ಒಯ್ಯಬಹುದು, ಬಳಸೋ ಹಾಗಿಲ್ಲ

ಇವುಗಳ ನಂತರ ನಿಯಮ ಬಿಗಿಯಾಗಿದೆ. ಸಿಂಗಾಪುರ ಏರ್‌ಲೈನ್ಸ್ 2025ರ ಏಪ್ರಿಲ್ 1ರಿಂದ ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಕೆ ನಿಲ್ಲಿಸಿತು. ಗಲ್ಫ್‌ಗೆ ಹೋಗೋರು ಗಮನಿಸಬೇಕಾದ್ದು ಎಮಿರೇಟ್ಸ್ ನಿಯಮ: 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್, ಅದೂ 100 ವ್ಯಾಟ್ ಅವರ್ ಒಳಗಿನದು. ಅದರ ಮೇಲೆ ಎಷ್ಟು ಅಂತ ಓದೋ ಹಾಗೆ ಬರೆದಿರಬೇಕು. ವಿಮಾನದೊಳಗೆ ಅದರಿಂದ ಮೊಬೈಲ್ ಚಾರ್ಜ್ ಮಾಡೋ ಹಾಗಿಲ್ಲ, ಅದನ್ನೂ ಚಾರ್ಜ್‌ಗೆ ಹಾಕೋ ಹಾಗಿಲ್ಲ, ತಲೆಮೇಲಿನ ಪೆಟ್ಟಿಗೆಯಲ್ಲಿ ಇಡೋ ಹಾಗೂ ಇಲ್ಲ. ನಮ್ಮ ಡಿಜಿಸಿಎ ಕೂಡ 2025ರ ನವೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಇದೇ ದಾರಿ ಹಿಡಿದಿದೆ. ಹಾರಾಟದ ವೇಳೆ ಪವರ್ ಬ್ಯಾಂಕ್‌ನಿಂದ ಚಾರ್ಜಿಂಗ್ ಬೇಡ, ಅದು ಕೈಬ್ಯಾಗಲ್ಲೇ ಇರಲಿ, ಮೇಲಿನ ಪೆಟ್ಟಿಗೆಗೆ ಹೋಗೋದು ಬೇಡ.

ಚಾರ್ಜಿಂಗ್ ಟಾರ್ಚ್‌ಗಳಲ್ಲಿ ಕೆಲವಕ್ಕೆ ಹಿಂದೆ ಯುಎಸ್‌ಬಿ ತೂತು ಇರುತ್ತೆ, ಅದರಿಂದ ಮೊಬೈಲೂ ಚಾರ್ಜ್ ಆಗುತ್ತೆ. ಅಂಥದ್ದನ್ನ ಪವರ್ ಬ್ಯಾಂಕ್ ಅಂತಲೇ ಭಾವಿಸಿ ಕೈಬ್ಯಾಗಿಗೆ ಹಾಕಿ, ಆಗ ತಕರಾರೇ ಬರಲ್ಲ.

ಸಣ್ಣ ವಿಮಾನ ಹತ್ತೋರಿಗೆ

ಶಿವಮೊಗ್ಗದವರಿಗೆ ಇದು ಮುಖ್ಯ. ಇಲ್ಲಿಗೆ ಇಂಡಿಗೋ ಶುರು ಮಾಡಿದ್ದು ಎಟಿಆರ್ ವಿಮಾನ, ರೆಕ್ಕೆಗೆ ಫ್ಯಾನ್ ಇರೋದು. ಅದರಲ್ಲಿ ತಲೆಮೇಲಿನ ಪೆಟ್ಟಿಗೆ ಚಿಕ್ಕದು. ಕೈಬ್ಯಾಗ್ ಅಂತ ತಂದ ಟ್ರಾಲಿ ಹಿಡಿಸದಿದ್ರೆ ವಿಮಾನದ ಬುಡದಲ್ಲೇ ಅದನ್ನ ತಗೊಂಡು ಕೆಳಗಿನ ಲಗೇಜಿಗೆ ಹಾಕ್ತಾರೆ. ಸರಿಯಾಗಿ ಕೈಬ್ಯಾಗಲ್ಲೇ ಇಟ್ಟಿದ್ದ ಪವರ್ ಬ್ಯಾಂಕ್, ಬಿಡಿ ಲಿಥಿಯಂ ಸೆಲ್ ಆ ಕ್ಷಣಕ್ಕೆ ಹೋಗಬಾರದ ಜಾಗಕ್ಕೆ ಹೋಗಿಬಿಡುತ್ತೆ. ಟ್ರಾಲಿ ಕೊಡೋ ಮುಂಚೆ ಅವನ್ನ ತೆಗೆದು ಜೇಬಿಗೋ, ಹೆಗಲ ಚೀಲಕ್ಕೋ ಹಾಕ್ಕೋಬೇಕು. ಮೊದಲೇ ಒಂದು ಸಣ್ಣ ಪೌಚಲ್ಲಿ ಎಲ್ಲ ಒಟ್ಟಿಗೆ ಇಟ್ಟಿದ್ರೆ ಹಿಂದೆ ಕ್ಯೂ ನಿಂತಿರೋವಾಗ ಬಟ್ಟೆ ಮಧ್ಯೆ ತಡಕಾಡೋ ಪಾಡು ಇರಲ್ಲ.

ಪ್ಯಾಕ್ ಮಾಡೋದು ಹೇಗೆ?

ಬಿಡಿ ಸೆಲ್ಲನ್ನ ಕೀ ಗೊಂಚಲು, ಚಿಲ್ಲರೆ ಕಾಸಿನ ಜೊತೆ ಹಾಕಬಾರದು. ಲೋಹ ತಾಗಿ ಶಾರ್ಟ್ ಆದ್ರೆ ಜೇಬಲ್ಲೇ ಸುಡುತ್ತೆ. ಅಂಗಡಿಯ ಪ್ಯಾಕೆಟ್ ಒಡೆದಿಲ್ಲದಿದ್ರೆ ಹಾಗೇ ಇರಲಿ. ಒಡೆದಿದ್ರೆ ಸೆಲ್ ಇಡೋ ಪ್ಲಾಸ್ಟಿಕ್ ಡಬ್ಬಿ ಸಿಗುತ್ತೆ, ಅದಿಲ್ಲಾಂದ್ರೆ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ. ಮೈಕಿಗೆ ಹಾಕೋ 9 ವೋಲ್ಟಿನ ಚೌಕ ಸೆಲ್ಲಿಗೆ ಎರಡೂ ಗುಂಡಿ ಒಂದೇ ಕಡೆ ಇರೋದ್ರಿಂದ ಟೇಪ್ ಇನ್ನೂ ಮುಖ್ಯ.

ಟಾರ್ಚ್ ಬ್ಯಾಗೊಳಗೆ ತಾನಾಗೇ ಹೊತ್ಕೊಳ್ಳದ ಹಾಗೆ ಮಾಡೋಕೆ ಹಳೇ ಉಪಾಯ ಹಲವರಿಗೆ ಗೊತ್ತು: ಎರಡು ಮಾಮೂಲಿ ಸೆಲ್ಲಿನ ಟಾರ್ಚಲ್ಲಿ ಒಂದು ಸೆಲ್ ತಿರುಗಿಸಿ ಹಾಕೋದು. ಲಿಥಿಯಂ ಟಾರ್ಚಲ್ಲಿ ಈ ಪ್ರಯೋಗ ಬೇಡ. ಅದರ ಹಿಂದಿನ ಮುಚ್ಚಳವನ್ನ ಅರ್ಧ ಸುತ್ತು ಸಡಿಲ ಮಾಡಿದ್ರೆ ಸಾಕು, ಹೆಚ್ಚಿನವು ಆನ್ ಆಗಲ್ಲ. ಗುಂಡಿ ಒತ್ತಿ ಪರೀಕ್ಷೆ ಮಾಡಿ ನೋಡಿ. ಜೋರು ಬೆಳಕಿನ ಟಾರ್ಚ್ ಬಟ್ಟೆಯೊಳಗೆ ಹೊತ್ತಿಕೊಂಡ್ರೆ ಬಟ್ಟೆ ಸುಡೋಷ್ಟು ಕಾಯುತ್ತೆ. ನೀರಿನಡಿ ಬಳಸೋ ಡೈವಿಂಗ್ ಲ್ಯಾಂಪ್ ಇದೇ ಕಾರಣಕ್ಕೆ ನಿಯಮಾವಳಿಯಲ್ಲಿ ಪ್ರತ್ಯೇಕವಾಗಿ ಹೆಸರು ಪಡೆದಿದೆ. ಮುರುಡೇಶ್ವರ, ನೇತ್ರಾಣಿಗೆ ಡೈವಿಂಗ್ ಬರೋ ಹೊರಗಿನವರು ಅಂಥದ್ದನ್ನ ಬ್ಯಾಟರಿ ಬೇರೆ ಮಾಡಿಯೇ ತರಬೇಕು.

ಎಷ್ಟು ಸೆಲ್ ಒಯ್ಯಬಹುದು ಅನ್ನೋದಕ್ಕೂ ಲೆಕ್ಕ ಇದೆ. ಅಂತಾರಾಷ್ಟ್ರೀಯವಾಗಿ ಒಬ್ಬರಿಗೆ 15 ಉಪಕರಣ, 20 ಬಿಡಿ ಬ್ಯಾಟರಿ ಮಿತಿ. ಏರ್‌ಲೈನ್‌ಗಳು ಅದಕ್ಕಿಂತ ಕಮ್ಮಿ ಮಾಡಬಹುದು.

ಇಂಥ ಟಾರ್ಚ್ ಬೇಡವೇ ಬೇಡ

ಆತ್ಮರಕ್ಷಣೆಗೆ ಅಂತ ಕರೆಂಟ್ ಹೊಡೆಯೋ ಟಾರ್ಚ್ ಮಾರ್ತಾರೆ. ತುದಿಯಲ್ಲಿ ಕಿಡಿ ಬರುತ್ತೆ. ಬ್ಯಾಟರಿ ಇರೋ ಶಾಕ್ ಆಯುಧ ಕೈಬ್ಯಾಗಿಗೂ ಇಲ್ಲ, ಲಗೇಜಿಗೂ ಇಲ್ಲ. ಹೆಣ್ಮಕ್ಕಳು ಒಂಟಿಯಾಗಿ ಹೋಗುವಾಗ ಮನೆಯವರು ಪ್ರೀತಿಯಿಂದಲೇ ಬ್ಯಾಗಿಗೆ ಹಾಕಿ ಕೊಟ್ಟಿರ್ತಾರೆ, ಸಿಕ್ಕಿಬಿದ್ರೆ ವಿಚಾರಣೆಗೆ ನಿಲ್ಲೋದು ಆ ಹುಡುಗಿ.

ಕಾಡು ಕಾಯೋರು, ತೋಟದವರು ಇಟ್ಕೊಳ್ಳೋ ಮೊಳದುದ್ದದ ಕಬ್ಬಿಣದ ಟಾರ್ಚ್ ಇನ್ನೊಂದು. ಅದು ಬೆಳಕಿಗಿಂತ ದೊಣ್ಣೆಯ ಹಾಗೆ ಕಾಣುತ್ತೆ. ಕೈಬ್ಯಾಗಲ್ಲಿ ಬಿಡೋದು ಅನುಮಾನ, ಚೆಕ್-ಇನ್‌ಗೆ ಹಾಕಿ. ಯಾತ್ರೆಗಾದ್ರೆ ಅದರ ಅಗತ್ಯವೂ ಇಲ್ಲ. ಗೌರಿಕುಂಡದಿಂದ ಕೇದಾರನಾಥಕ್ಕೆ ಬೆಳಗಿನ ಕತ್ತಲಲ್ಲಿ ನಡೆಯೋಕೆ ತಲೆಗೆ ಕಟ್ಟೋ ಸಣ್ಣ ಹೆಡ್‌ಲೈಟ್ ಸಾಕು, ಎರಡೂ ಕೈ ಕೋಲು ಹಿಡಿಯೋಕೆ ಖಾಲಿ ಇರುತ್ತೆ. ಮಾಮೂಲಿ ಸೆಲ್ಲಿನದಾದ್ರೆ ಸೆಲ್ ಅಲ್ಲೇ ಹೋಗಿ ಕೊಳ್ಳಬಹುದು, ಚೆಕ್ಕಿಂಗಲ್ಲಿ ಮಾತೇ ಬರಲ್ಲ.

ಸೆಕ್ಯೂರಿಟಿಯಲ್ಲಿ, ವಿಮಾನದಲ್ಲಿ

ತಪಾಸಣೆ ಹೊತ್ತಲ್ಲಿ ಮೊಬೈಲ್, ಪವರ್ ಬ್ಯಾಂಕ್, ಟಾರ್ಚ್, ಸೆಲ್ ಡಬ್ಬಿ ಎಲ್ಲ ಹೊರಗೆ ತೆಗೆದು ಟ್ರೇಯಲ್ಲಿ ಇಡಿ. ಬ್ಯಾಗೊಳಗೆ ಬಿಟ್ರೆ ಬ್ಯಾಗ್ ಪಕ್ಕಕ್ಕೆ ತಳ್ಳಿ, ಮತ್ತೆ ಬಿಚ್ಚಿಸಿ, ಮತ್ತೆ ಮಷಿನ್‌ಗೆ ಹಾಕಿಸ್ತಾರೆ. ಅಪ್ಪ ಅಮ್ಮಂದಿರಿಗೆ ಇದನ್ನ ಹೇಳಿ ಕಳಿಸಿ.

ವಿಮಾನದೊಳಗೆ ಟಾರ್ಚೋ, ಮೊಬೈಲೋ, ಪವರ್ ಬ್ಯಾಂಕೋ ಕೈ ಸುಡೋಷ್ಟು ಬಿಸಿ ಅನ್ನಿಸಿದ್ರೆ, ಉಬ್ಬಿದ್ರೆ, ವಾಸನೆ ಬಂದ್ರೆ ನಾಚಿಕೆ ಪಡದೆ ಕೂಡಲೇ ಸಿಬ್ಬಂದಿಯನ್ನ ಕರೀರಿ. ಭಾಷೆ ಬರಲ್ಲ ಅಂತ ಸುಮ್ಮನಿರಬೇಡಿ, ಬೆರಳು ತೋರಿಸಿದ್ರೂ ಸಾಕು. ಸೀಟಿನ ಸಂದಿಗೆ ಮೊಬೈಲ್ ಬಿದ್ರೆ ಸೀಟನ್ನ ಹಿಂದೆ ಮುಂದೆ ಮಾಡಬಾರದು. ಮಧ್ಯೆ ಸಿಕ್ಕಿ ನಜ್ಜಾದ್ರೆ ಬ್ಯಾಟರಿ ಹೊತ್ಕೊಳ್ಳುತ್ತೆ. ತೆಗೆಯೋ ಕೆಲಸ ಸಿಬ್ಬಂದಿಗೆ ಬಿಡಿ.

ಇಷ್ಟಾದ್ಮೇಲೂ ಕೌಂಟರಲ್ಲಿ ಏನಾದ್ರೂ ಬೇಡ ಅಂದ್ರೆ, ಬಿಸಾಕೋ ಬದಲು ವಾಪಸ್ ಮನೆಗೆ ಕಳಿಸಬಹುದು. ಅದಕ್ಕೆ ಬಿಡೋಕೆ ಬಂದವರು ಇನ್ನೂ ಅಲ್ಲೇ ಇರಬೇಕು. ಸೋಗಾನೆಗಾಗಲಿ, ಬೆಂಗಳೂರಿಗಾಗಲಿ ಕಾರಲ್ಲಿ ಬಿಡೋಕೆ ಬಂದವರನ್ನ ಗೇಟಲ್ಲೇ ಕಳಿಸಿಬಿಡಬೇಡಿ. ಸೆಕ್ಯೂರಿಟಿ ದಾಟಿ ಒಂದು ಫೋನ್ ಮಾಡೋವರೆಗೂ ಅಲ್ಲೇ ಕಾಯೋಕೆ ಹೇಳಿ.